ಫ್ಯಾನ್ ಸದ್ದಿಗೂ ರಿವರ್ಬ್ ಬರ್ತದ: ಡಿಜಿಟಲ್ ಪಿಯಾನೋಕ್ಕ ಮೈಕ್ ಹಚ್ಚಿದ ನನ್ನ ಅನುಭವ

ನಮ್ಮ ಮನ್ಯಾಗ ಮೊದ್ಲಿಂದ ಹಾರ್ಮೋನಿಯಂ ಇಟ್ಕೊಂಡು ದಾಸರ ಪದ ಹಾಡೋ ರೂಢಿ, ರಾಯಚೂರ ಕಡೆ ಇದೇನ್ ಹೊಸಾದಲ್ಲ ಬಿಡ್ರಿ, ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಮಾನ್ವಿ ಎಲ್ಲಾ ಇಲ್ಲೇ ಅವ. ಹೋದ ವರ್ಷ ಡಿಜಿಟಲ್ ಪಿಯಾನೋ ತಗೊಂಡೆ, ಅದರಾಗ ಮೈಕ್ ಇನ್‌ಪುಟ್ ಇರೋದ್ ನೋಡಿ ಆಸೆ ಆತು.

ಮೊದ್ಲು ಯಾರೋ ಹೇಳಿದ್ರು ಅಂತ ಕಂಡೆನ್ಸರ್ ಮೈಕ್ ತಂದೆ. ಚುಚ್ಚಿದ್ರ ಉಸಿರೇ ಇಲ್ಲ. ಅದಕ್ಕ 48 ವೋಲ್ಟ್ ಫ್ಯಾಂಟಮ್ ಪವರ್, ಅಂದ್ರ ವೈರಿನಾಗೇ ಮೈಕಿಗೆ ಹರಿಯೋ ಕರೆಂಟ್, ಬೇಕಂತ, ಪಿಯಾನೋದ ಕಾಲು ಇಂಚಿನ ಜ್ಯಾಕ್ ಅದನ್ನ ಕೊಡಂಗಿಲ್ಲ. ವಾಪಸ್ ಕೊಟ್ಟು ಡೈನಾಮಿಕ್ ಮೈಕ್ ತಂದೆ, ಸ್ಟೇಜ್ ಮ್ಯಾಲ ಕಾಣ್ತದಲ್ಲ ಜಾಳಿ ಗುಂಡಿಂದು, ಅದು. ಚುಚ್ಚೋಕಿಂತ ಮುಂಚೆ ಮೈಕ್ ವಾಲ್ಯೂಮ್ ಜೀರೋ ಮಾಡ್ರಿ, ನಾ ಮಾಡಿದ್ದಿಲ್ಲ, ಕುಂಯ್ಯ್ ಅಂತ ಕೂಗಿದ್ದಕ್ಕ ಬಾಜು ಮನಿಯವ್ರು ಎದ್ದ್ ಬಂದ್ರು.

ರಿವರ್ಬ್, ಅಂದ್ರ ದೊಡ್ಡ ಜಾಗದಾಗ ದನಿ ಗುಂಯ್ಗುಟ್ಟಿದಂಗ ಮಾಡೋದು, ಖುಷಿನೋ ಖುಷಿ, ಅದರಾಗ ‘ಹಾಲ್’ ಸೆಟಿಂಗ್ ಇಟ್ಟು ಹಾಡಿದ್ರ ಜಂಬಲದಿನ್ನಿ ರಂಗಮಂದಿರದಾಗ ನಿಂತಂಗ ಅನಿಸ್ತದ. ಆದ್ರ ಪಿಯಾನೋ ಸ್ವರಕ್ಕೂ ಹಾಲ್, ದನಿಗೂ ಹಾಲ್, ಎರಡೂ ಕೂಡಿ ಸಾಹಿತ್ಯ ಒಂದಕ್ಷರ ತಿಳೀಲಿಲ್ಲ. ದಾಸರ ಪದದಾಗ ಮಾತು ಕೇಳ್ಬೇಕಲ್ರಿ. ಪಿಯಾನೋದು ಪೂರಾ ಇಳಿಸಿ ಮೈಕಿಗೆ ಸಣ್ಣ ರೂಮ್ ರಿವರ್ಬ್ ಇಟ್ಟೆ, ಸರಿ ಆತು.

ಖರೆ ಜಗಳ ಫ್ಯಾನ್ ಜೋಡಿ. ಮೇ ತಿಂಗಳಾಗ ನಮ್ಮೂರಾಗ ಫ್ಯಾನ್ ಬಂದ್ ಮಾಡಿ ಹಾಡ್ರಿ ನೋಡೋಣ! ದನಿ ಒಂದೇ ಲೆವೆಲ್ ಇರ್ಲಿ ಅಂತ ಕಂಪ್ರೆಸರ್ ಜಾಸ್ತಿ ಮಾಡಿದ್ದೆ, ಅದು ಜೋರಿನ ದನಿ ಒತ್ತಿ ಮ್ಯಾಲ ಎಲ್ಲಾನೂ ಎತ್ತತದ, ಹಂಗಾಗಿ ಹಾಡು ನಿಂತ ಕೂಡ್ಲೆ ಫ್ಯಾನ್ ಎದ್ದ್ ಬರ್ತದ, ಅದರ ಹಿಂದ ರಿವರ್ಬ್ ಬ್ಯಾರೆ. ಸಣ್ಣ ಸದ್ದು ಬಂದ್ ಮಾಡೋ ನಾಯ್ಸ್ ಗೇಟ್ ಹಚ್ಚಿದೆ, ಫ್ಯಾನ್ ಸತ್ತಿತು, ಜೋಡಿ ನನ್ನ ಸಾಲಿನ ಬಾಲಾನೂ ಕತ್ತರಿಸ್ತು, ‘ವಿಠಲಾ’ ಅಂತ ಎಳೆದು ಮೆಲ್ಲಕ ಬಿಡೋ ಜಾಗದಾಗ ‘ವಿಠ್’ ಅಂದು ಬಾಯಿ ಮುಚ್ಚಿದಂಗ. ಎರಡು ದಿನ ತಲಿ ಕೆಡಿಸ್ಕೊಂಡು ಕಡೀಕ ಗೇಟ್ ತೆಗೆದೇ ಹಾಕಿದೆ. ಕಂಪ್ರೆಸರ್ ಅರ್ಧಕ್ಕ ಇಳಿಸಿದೆ, ಮೈಕ್ ಬಾಯಿಗೆ ನಾಕು ಬೆರಳು ದೂರ ಇಟ್ಟೆ, ಇಷ್ಟ್ ಹತ್ರ ಬಂದ್ರ ದನಿ ದಪ್ಪ ಆಗ್ತದ, ಅದಕ್ಕ ಇಕ್ವಲೈಜರ್‌ನಾಗ 100 ಹರ್ಟ್ಸ್ ಕೆಳಗಿನ ದಪ್ಪ ಸದ್ದು ತೆಗೆದೆ, ಫ್ಯಾನಿನ ಗುಂಯ್ ಸದ್ದೂ ಅದರ ಜೋಡಿ ಬಾಳಷ್ಟು ಹೋತು. ಈ ಮೈಕ್ ಹಿಂದ್ಗಡಿ ಸದ್ದು ಕಮ್ಮಿ ತಗೊಳ್ತದ, ಅದಕ್ಕ ಪಿಯಾನೋ ಸ್ಪೀಕರ್ ಯಾವಾಗ್ಲೂ ಅದರ ಬೆನ್ನಿಗೆ ಬರಂಗ ಹಿಡೀಬೇಕು, ಕೂಗೋದು ನಿಂತದ್ದು ಹಂಗ.

ಡಿಲೇನೂ ನೋಡಿದೆ, ಹಾಡಿದ್ದು ಸ್ವಲ್ಪ ತಡದು ಮತ್ತ ಕೇಳಿಸೋದು ಅದು. ತಾಳಕ್ಕ ಹೊಂದಿಸೋ ಲೆಕ್ಕ ಸಸಾರ, 60000 ಭಾಗಿಸು ಟೆಂಪೊ (ನಿಮಿಷಕ್ಕ ಎಷ್ಟು ಬೀಟ್), 80ರ ಲಯಕ್ಕ 750 ಮಿಲಿಸೆಕೆಂಡ್. ಭಾವಗೀತಿಗೆ ಚಲೋ, ಪದಕ್ಕ ನನಗಂತೂ ಸೇರಲಿಲ್ಲ.

ಇಷ್ಟೆಲ್ಲಾ ಹೊಂದಿಸಿಟ್ಟ ಮ್ಯಾಲ ಕರೆಂಟ್ ಹೋತು! ಶಕ್ತಿನಗರದ ಥರ್ಮಲ್ ಇರೋದು ನಮ್ಮ ಜಿಲ್ಲಾದಾಗ, ಕತ್ತಲಿನೂ ನಮಗೇ. ಮತ್ತ ಆನ್ ಮಾಡಿದ್ರ ಮೈಕ್ ಸೆಟಿಂಗ್ ಎಲ್ಲಾ ಮೊದಲಿನಂಗ. ಆಮ್ಯಾಲ ಗೊತ್ತಾತು, ಸೆಟಿಂಗ್ ಎಲ್ಲಾ ಒಂದು ಬಟನ್ನಿಗೆ ಕೂಡಿಸಿಡೋ ರಿಜಿಸ್ಟ್ರೇಷನ್ ಮೆಮೊರಿಗೆ ಸೇವ್ ಮಾಡ್ಬೇಕಿತ್ತು. ಈಗ ಎರಡು ಬಟನ್ ಇಟ್ಟೀನಿ, ಒಂದನೇದು ಚಳಿಗಾಲದ್ದು, ಎರಡನೇದು ಫ್ಯಾನಿಂದು.