ಗೊರಕೆ ಹೊಡೆಯುವವರನ್ನು ಕೇಳಿದರೆ ಗೊತ್ತಾಗಲ್ಲ

ತೀರ್ಥಹಳ್ಳಿ ಕಡೆ ನನ್ನದೊಂದು ಸಣ್ಣ ಕ್ಲಿನಿಕ್. ಎರಡೆರಡು ಮಾತ್ರೆ ನುಂಗಿದರೂ ಬಿಪಿ ಇಳಿಯದವರು, 'ಏಳುವಾಗಲೇ ಸುಸ್ತು ಡಾಕ್ಟ್ರೇ' ಅನ್ನುವವರು ಜಾಸ್ತಿಯಾದಾಗ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ (ಸ್ಲೀಪ್ ಅಪ್ನಿಯಾ) ಇರಬಹುದಾ ಅಂತ ಅಂದಾಜಿಸುವ ಸ್ಟಾಪ್-ಬ್ಯಾಂಗ್ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿಕೊಂಡೆ. ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚುಂಗ್ ಮತ್ತು ಜೊತೆಗಾರರು 2008ರಲ್ಲಿ ಆಪರೇಷನ್‌ಗೆ ಬರುವವರಿಗಾಗಿ ಮಾಡಿದ್ದು ಅದು. ಎಂಟೇ ಪ್ರಶ್ನೆ. ಜೋರು ಗೊರಕೆ, ಹಗಲಲ್ಲಿ ಸುಸ್ತು, ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ಬಿಪಿ. ಆಮೇಲೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35 ದಾಟಿದೆಯಾ, ವಯಸ್ಸು 50 ದಾಟಿದೆಯಾ, ಕುತ್ತಿಗೆ ಸುತ್ತಳತೆ 40 ಸೆಂ.ಮೀ. ಮೀರಿದೆಯಾ, ಗಂಡಸಾ. ಒಂದು ಹೌದಿಗೆ ಒಂದು ಅಂಕ. 3 ಬಂದರೆ ಅನುಮಾನ, 5 ಮುಟ್ಟಿದರೆ ಅನುಮಾನ ಜೋರು.

ಮೊದಲು ಹಾಳೆಯನ್ನು ಬೆಂಚಿನಲ್ಲಿ ಕೂತವರ ಕೈಗೇ ಕೊಡುತ್ತಿದ್ದೆ. ಎಲ್ಲರೂ 'ಇಲ್ಲ, ಇಲ್ಲ' ಅಂತ ಗೀಚಿ ಕೊಡುತ್ತಿದ್ದರು. ತಪ್ಪು ನನ್ನದೇ. ತನ್ನ ಗೊರಕೆ ತನಗೆ ಕೇಳಿಸುತ್ತದಾ?

ಒಂದು ದಿನ 54 ವರ್ಷದ ಅಡಿಕೆ ಬೆಳೆಗಾರರೊಬ್ಬರು ಬಂದರು. ಬಿಪಿ 160ರ ಮೇಲೆ. 'ಗೌಡ್ರೇ, ಗೊರಕೆ ಇದೆಯಾ?' ಅಂದೆ. 'ಎಲ್ಲಿಂದ ಬರ್ಬೇಕು?' ಅಂದರು. ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. ಒಳಗೆ ಕರೆದು ಕೂರಿಸಿದೆ. 'ಇವ್ರ ಗೊರಕೆಗೆ ನಂಗೆ ಎಚ್ಚರ ಆಗಲ್ಲ ಡಾಕ್ಟ್ರೇ. ಅದು ನಿಂತಾಗ ಎಚ್ಚರ ಆಗತ್ತೆ. ಅಲ್ಲಾಡ್ಸಿ ನೋಡ್ತೀನಿ.'

ಟೇಪು ಹಿಡಿದೆ. ಟೈಲರ್ ಟೇಪೇ. ಗಂಟಲುಮಣಿಯ ಕೆಳಗೆ, ಬಿಗಿಯದೆ, ಸುತ್ತು ಹಾಕಿದರೆ 43. ತೂಕ 82 ಕೆಜಿ, ಬಿಎಂಐ ಅಂಕ ಬರಲಿಲ್ಲ. 5 ಅಡಿ 6 ಅಂಗುಲದವರು ಆ ಅಂಕ ಗಿಟ್ಟಿಸಲು 99 ಕೆಜಿ ಆಸುಪಾಸು ತೂಗಬೇಕು. ನಮ್ಮವರು ಅಷ್ಟು ದಪ್ಪ ಆಗುವ ಮೊದಲೇ ಈ ತೊಂದರೆಗೆ ಬೀಳುತ್ತಾರೆ, ಹಾಗಾಗಿ ಆ ಸೊನ್ನೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಉಳಿದ ಏಳೂ ಹೌದು. ಶಿವಮೊಗ್ಗಕ್ಕೆ ನಿದ್ದೆ ಪರೀಕ್ಷೆಗೆ ಕಳಿಸಿದೆ. ಗಂಟೆಗೆ 38 ಸಲ ಉಸಿರು ನಿಂತಿತ್ತು ಇಲ್ಲವೇ ಕುಗ್ಗಿತ್ತು. 30 ಮುಟ್ಟಿದರೇ ತೀವ್ರ ಅಂತ ಲೆಕ್ಕ.

ಹೆಂಗಸರ ವಿಷಯ ಇನ್ನೂ ಕಷ್ಟ. ಒಂದು ಅಂಕ ಮೊದಲೇ ಹೋಯ್ತು, ಗೊರಕೆ ಅಂದರೆ ನಾಚಿಕೆ, ಗಂಡ ಮಲಗಿದರೆ ಏಳುವವರಲ್ಲ. ಅವರಿಗೆ ಮಗಳನ್ನೋ ಸೊಸೆಯನ್ನೋ ಕೇಳುತ್ತೇನೆ.

ಹಗಲು ತೂಕಡಿಕೆ ಅಳೆಯಲು 1991ರ ಎಪ್ವರ್ತ್ ಪಟ್ಟಿಯೂ ಇದೆ. ಎಂಟು ಸನ್ನಿವೇಶ, ಒಟ್ಟು 24 ಅಂಕ, 10 ಮೀರಿದರೆ ನಿದ್ದೆ ಜಾಸ್ತಿ. ಅದರಲ್ಲಿ ನಾಟಕ, ಸಭೆಯಲ್ಲಿ ಕೂತಾಗ ತೂಕಡಿಸ್ತೀರಾ ಅನ್ನೋ ಪ್ರಶ್ನೆ. ಒಬ್ಬರು ತಿರುಗಿ ಕೇಳಿದರು, 'ಆಟ ಶುರುವಾದಾಗಲೋ, ಬೆಳಗಿನ ಜಾವಕ್ಕೋ?' ರಾತ್ರಿಯಿಡೀ ಯಕ್ಷಗಾನ ನೋಡುವ ಊರಲ್ಲಿ ನ್ಯಾಯವಾದ ಪ್ರಶ್ನೆ ಅಲ್ವಾ! ಈಗ ಗ್ರಾಮಸಭೆ ಅಂತ ಕೇಳುತ್ತೇನೆ. ಡ್ರೈವರ್‌ಗಳು ಲೈಸೆನ್ಸಿನ ಭಯಕ್ಕೆ ತೂಕಡಿಕೆ ಒಪ್ಪುವುದೇ ಇಲ್ಲ. ಅವರಿಗೆ, 'ಆಗುಂಬೆ ದಾಟೋದ್ರೊಳಗೆ ಮುಖ ತೊಳೆಯೋಕೆ ಎಷ್ಟು ಸಲ ನಿಲ್ಲಿಸ್ತೀರಿ?' ಅಂತ ಸುಮ್ನೆ ಮಾತಿಗೆಳೆಯುತ್ತೇನೆ.

ಗೌಡರಿಗೆ ಸಿಪ್ಯಾಪ್ ಮಷೀನು ಬಂತು, ಮಲಗಿದಾಗ ಮಾಸ್ಕಿನಿಂದ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ, ಕರೆಂಟಿನಲ್ಲಿ ಓಡುವ ಯಂತ್ರ. ಆಷಾಢದ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟು ಇರಲಿಲ್ಲ, ಮತ್ತೆ ಹಳೇ ಗೊರಕೆ. ಆಮೇಲೆ ನನ್ನ ಹಾಳೆಯ ಕೊನೆಗೆ ಪೆನ್ನಿನಲ್ಲಿ ಒಂಬತ್ತನೆಯದು ಬರೆದುಕೊಂಡೆ: ಮನೇಲಿ ಇನ್ವರ್ಟರ್ ಇದೆಯಾ?