ಹುಣ್ಣಿಮೆ ರಾತ್ರಿಯ ದೆವ್ವದ ಕಥೆಗಳು

ಮೊದಲ ಸಲ ನಾನು ಕಥೆ ಕೂಟ ಇಟ್ಟಿದ್ದು ಅಮಾವಾಸ್ಯೆ ದಿನ. ದೆವ್ವದ ಕಥೆಗೆ ಅದೇ ಸರಿಯಾದ ರಾತ್ರಿ ಅಂದುಕೊಂಡಿದ್ದೆ. ಕೋಲಾರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವತ್ತು ಬಂದವರು ಆರೇ ಜನ. ಅಮಾವಾಸ್ಯೆ ರಾತ್ರಿ ಮಕ್ಕಳನ್ನು ಕಟ್ಟಿಕೊಂಡು ಯಾರು ಹೊರಗೆ ಬರುತ್ತಾರೆ? ಈಗ ಹುಣ್ಣಿಮೆಗೇ ಇಡುತ್ತೇನೆ. ವಾಪಸ್ ಹೋಗುವಾಗ ದಾರಿ ಕಾಣುತ್ತದೆ. ಅಜ್ಜಿಯಂದಿರೂ ಧೈರ್ಯವಾಗಿ ಬರುತ್ತಾರೆ.

ಆ ದಿನ ಇನ್ನೊಂದು ತಪ್ಪೂ ಆಗಿತ್ತು. ಅರಳಿಕಟ್ಟೆಗೆ ಕಪ್ಪು ಬಟ್ಟೆ ಕಟ್ಟಿ, ಮೇಣದ ಬತ್ತಿ ಹಚ್ಚಿ, ಗಾಥಿಕ್ ಅನ್ನುವ ಇಂಗ್ಲಿಷ್ ದೆವ್ವದ ಕಥೆಗಳ ಬಗೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದೆ. ಕೇಳುವವರಿಗೆ ಅದರಲ್ಲಿ ತಮ್ಮದು ಅನ್ನುವಂಥದ್ದು ಏನೂ ಇರಲಿಲ್ಲ. ಈಗ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಫೋಟೋ ತೋರಿಸುತ್ತೇನೆ. ದಸರಾಕ್ಕೆ ಹೋದವರು ಅದನ್ನು ನೋಡಿರುತ್ತಾರಲ್ವಾ? ಆ ಚೂಪು ಕಮಾನು, ಆ ಎತ್ತರದ ಗೋಪುರ, ಅದೇ ಗಾಥಿಕ್ ಶೈಲಿ. 1764ರಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ ಹಳೇ ಕೋಟೆಯೊಂದರಲ್ಲಿ ದೆವ್ವ ಓಡಾಡುವ ಕಾದಂಬರಿ ಬರೆದ. ಮರುವರ್ಷದ ಮುದ್ರಣದಲ್ಲಿ ಅದನ್ನು 'ಗಾಥಿಕ್ ಕಥೆ' ಎಂದು ಕರೆದ. ಕಟ್ಟಡದ ಹೆಸರು ಕಥೆಗೂ ಅಂಟಿತು. ಇಷ್ಟಕ್ಕೆ ಎರಡು ನಿಮಿಷ ಸಾಕು.

ಆಮೇಲೆ 1816ರ ಕಥೆ. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರಿಂದ ಯುರೋಪಿಗೆ 1816ರಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಗೆ ಸಿಕ್ಕಿಕೊಂಡ ಗೆಳೆಯರು, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದುಕೊಂಡರು. ಅವರಲ್ಲಿದ್ದ 18 ವರ್ಷದ ಮೇರಿಗೆ, ಮುಂದೆ ಮೇರಿ ಶೆಲ್ಲಿ ಎಂದು ಹೆಸರಾದವಳಿಗೆ, 'ಫ್ರಾಂಕೆನ್‌ಸ್ಟೈನ್' ಕಾದಂಬರಿ ಹೊಳೆದದ್ದು ಅಲ್ಲೇ. ಇದನ್ನು ಹೇಳಿ, "ನಿಮ್ಮ ಮನೇಲಿ ಕರೆಂಟ್ ಹೋದಾಗ ಯಾರು ಕಥೆ ಹೇಳ್ತಿದ್ರು?" ಎಂದು ಕೇಳುತ್ತೇನೆ. ಅಲ್ಲಿಗೆ ನಾನು ಕೂರಬಹುದು. "ನಮ್ಮಜ್ಜಿ..." ಎಂದು ಯಾರಾದರೂ ಶುರು ಮಾಡಿಯೇ ಮಾಡುತ್ತಾರೆ.

ಹೆಚ್ಚು ಬರುವುದು 'ನಾಳೆ ಬಾ'. ತೊಂಬತ್ತರ ದಶಕದಲ್ಲಿ ಬೆಳೆದವರೆಲ್ಲ ಬಾಗಿಲ ಮೇಲೆ ಅದನ್ನು ನೋಡಿದವರೇ. ರಾತ್ರಿ ಗೊತ್ತಿದ್ದವರ ದನಿಯಲ್ಲೇ ದೆವ್ವ ಕರೆಯುತ್ತದೆ, ಓಗೊಟ್ಟರೆ ಜೀವ ಹೋಗುತ್ತದೆ ಎಂಬ ಭಯ. ಬಾಗಿಲ ಮೇಲಿನ ಬರಹ ಓದಿ ಅದು ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ನನಗೆ ಇದು ತುಂಬಾ ಇಷ್ಟ. ಮಂತ್ರ ಇಲ್ಲ, ಕತ್ತಿ ಇಲ್ಲ. ಒಂದು ಚೂರು ಸೀಮೆಸುಣ್ಣ, ಕನ್ನಡದ ಎರಡು ಪದ.

ಕೊಳ್ಳಿ ದೆವ್ವದ ಕಥೆಗಳು ವಯಸ್ಸಾದವರಿಂದ ಮಾತ್ರ ಬರುತ್ತವೆ. ಕೆರೆ ಅಂಗಳದ ಮೇಲೆ ತೇಲುವ ಬೆಂಕಿ, ಹತ್ತಿರ ಹೋದರೆ ದೂರ ಸರಿಯುವ ಬೆಂಕಿ. ಕೊಳೆತ ಗಿಡಗಂಟಿಯಿಂದ ಏಳುವ ಅನಿಲ ಉರಿದು ಹಾಗೆ ಕಾಣಬಹುದು ಅಂತ ನಾನು ಹೇಳಿದೆ. ಒಬ್ಬ ಅಜ್ಜಿ ತಲೆಯಾಡಿಸಿ, "ಇರಬಹುದಪ್ಪ. ಕೆರೆ ಒಣಗಿದ ಮೇಲೆ ಅದೂ ಬರಲಿಲ್ಲ" ಎಂದರು. ಕೋಲಾರದವರಿಗೆ ಆ ಮಾತು ಬೇರೆ ಥರ ತಾಗುತ್ತದೆ. ಸ್ವಲ್ಪ ಹೊತ್ತು ಎಲ್ಲರೂ ಕೆರೆ ತುಂಬಿದ್ದ ವರ್ಷಗಳನ್ನೇ ಮಾತಾಡಿದರು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಸತ್ತವರ ಹೆಸರು, ಮನೆತನದ ಹೆಸರು ಹೇಳುವಂತಿಲ್ಲ. ಬಾವಿಗೆ ಬಿದ್ದ ಸೊಸೆ ಮೋಹಿನಿ ಆದಳು ಅನ್ನುವ ಕಥೆಯ ಹಿಂದೆ ನಿಜವಾದ ಒಬ್ಬ ಹೆಣ್ಣುಮಗಳು ಇರಬಹುದು, ಅವಳ ತಂಗಿ ಅಲ್ಲೇ ಕೂತಿರಬಹುದು. "ಗಾಳಿ ಸೋಕಿದೆ, ಯಾರ ಹತ್ತಿರ ಬಿಡಿಸೋದು?" ಎಂದು ಕೇಳುವವರಿಗೆ ಡಾಕ್ಟರ ಹತ್ತಿರ ಹೋಗಿ ಎಂದೇ ಹೇಳುತ್ತೇನೆ. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು ನಮ್ಮ ರಾಜ್ಯದ 2017ರ ಕಾಯ್ದೆಯ ಪ್ರಕಾರ ಅಪರಾಧ. ಇದನ್ನು ಪ್ರತಿ ಸಲವೂ ಹೇಳುತ್ತೇನೆ.

ಹೋದ ಹುಣ್ಣಿಮೆಗೆ ಕೆಜಿಎಫ್‌ನಿಂದ ಒಬ್ಬ ಕಾಲೇಜು ಹುಡುಗ ಬಂದಿದ್ದ. ಮೈಯೆಲ್ಲ ಕಪ್ಪು ಬಟ್ಟೆ, ಕಣ್ಣಿಗೆ ದಪ್ಪ ಕಾಡಿಗೆ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸಂಗೀತದವರಿಂದ ಶುರುವಾದ ಗಾಥ್ ವೇಷ ಅದು. ಬೀದಿಯಲ್ಲಿ ಜನ ನಗುತ್ತಾರಂತೆ. ಜೊತೆಗೆ ಅವನ ತಾತ ಇದ್ದರು. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಆ ಗಣಿಯ ಆಳ ಮೂರು ಕಿಲೋಮೀಟರಿಗೂ ಜಾಸ್ತಿ. 2001ರ ಫೆಬ್ರವರಿಯಲ್ಲಿ ಕೆಜಿಎಫ್ ಗಣಿಗಳು ಮುಚ್ಚಿದವು.

ತಾತ ತಮಿಳಿನಲ್ಲಿ ಹೇಳುತ್ತಾ ಹೋದರು, ಮೊಮ್ಮಗ ಕನ್ನಡದಲ್ಲಿ ಹೇಳಿದ. ಕೆಳಗೆ ಬಂಡೆ ಸಿಡಿದು ಜೊತೆಗಾರನೊಬ್ಬ ಸತ್ತ ಮೇಲೆ, ಒಂದು ವಾರ ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗಲಿಲ್ಲವಂತೆ. ಅವನು ಓಗೊಟ್ಟರೆ ಏನು ಮಾಡುವುದು ಎಂದು. ಹೇಳುತ್ತಾ ಹೇಳುತ್ತಾ ಹುಡುಗನ ದನಿ ಕಟ್ಟಿತು. ಈ ಕಥೆಯನ್ನು ಅವನೂ ಮೊದಲ ಸಲ ಕೇಳುತ್ತಿದ್ದ.

ಹೊರಡುವಾಗ ಮುಂದಿನ ಹುಣ್ಣಿಮೆಗೆ ಲಾಟೀನು ತಾನೇ ತರುತ್ತೇನೆ ಎಂದ. ಗಣಿಯಲ್ಲಿ ತಾತ ಹಾಕುತ್ತಿದ್ದ ಟೋಪಿ ಮನೆಯಲ್ಲಿ ಇನ್ನೂ ಇದೆಯಂತೆ, ಅದನ್ನೂ ತರುತ್ತಾನಂತೆ.