ಅಜ್ಜಿಯ ಪದಗಳಿದ್ದ ಹಾರ್ಡ್ ಡಿಸ್ಕ್ ತೆರೆಯದೇ ಹೋದಾಗ

ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಅಂತ ವಿಂಡೋಸ್ ಕೇಳಿತು. ನಾನು ಕ್ಯಾನ್ಸಲ್ ಒತ್ತಿದೆ. ಅಜ್ಜಿಯ ದನಿ ಇವತ್ತು ನಮ್ಮ ಮನೆಯಲ್ಲಿ ಉಳಿದಿದ್ದರೆ ಅದಕ್ಕೆ ಮೊದಲ ಕಾರಣ ಆ ಒಂದು ಕ್ಲಿಕ್.

ಅಂಗೈಯಷ್ಟು ಅಗಲದ, 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಅದು. ತುಮಕೂರು ಕಡೆಯ ನಮ್ಮ ಊರಿಗೆ ಹೋದಾಗಲೆಲ್ಲ ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡು ರೆಕಾರ್ಡ್ ಮಾಡಿದ್ದ ಸೋಬಾನೆ ಪದ, ರಾಗಿ ಬೀಸುವ ಪದ ಎಲ್ಲ ಅದರಲ್ಲೇ ಇದ್ದವು. ಅಜ್ಜಿ ಈಗಿಲ್ಲ. ಇನ್ನೊಂದು ಪ್ರತಿ ಇಟ್ಟಿರಲಿಲ್ಲ.

ಮೊದಲು ಕೇಬಲ್ ಬದಲಾಯಿಸಿದೆ. ಈ ಚಿಕ್ಕ ಡಿಸ್ಕುಗಳಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ, ಮೋಟರ್ ತಿರುಗಲು ಬೇಕಾದ ಕರೆಂಟೂ ಅದೇ ಕೇಬಲ್‌ನಲ್ಲಿ ಬರಬೇಕು. ಹಳೇ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, 3.0 ಪೋರ್ಟ್ 900. ಹಬ್ ಮೂಲಕ ಹಾಕಿದರೆ ಅಷ್ಟೂ ಸಿಗದೇ ಹೋಗಬಹುದು. ಹಾಗಾಗಿ ಹಬ್ ತೆಗೆದು, ಡೆಸ್ಕ್‌ಟಾಪ್‌ನ ಹಿಂಬದಿಯ ಪೋರ್ಟಿಗೆ ನೇರವಾಗಿ ಹಾಕಿದೆ. ಎಷ್ಟೋ ಡಿಸ್ಕುಗಳು ಇಷ್ಟಕ್ಕೇ ಸರಿಹೋಗುತ್ತವೆ. ನನ್ನದು ಆಗಲಿಲ್ಲ.

ಆಮೇಲೆ ಕಿವಿ ಹತ್ತಿರ ಇಟ್ಟು ಕೇಳಿದೆ. ಎಂದಿನ ಹಾಗೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಟಕ್, ಟಕ್ ಅಂತ ಒಂದೇ ಸಮನೆ ಬಡಿಯುತ್ತಿದ್ದರೆ ಅಲ್ಲಿಗೇ ಕೈಬಿಡಬೇಕು. ಡೇಟಾ ಓದುವ, ಬರೆಯುವ ಒಳಗಿನ ಹೆಡ್ ಕೆಟ್ಟಿರುವ ಲಕ್ಷಣ ಅದು. ಆಗ ಒಂದೊಂದು ಸಲ ಆನ್ ಮಾಡಿದಾಗಲೂ ಡೇಟಾ ಇರುವ ಪ್ಲೇಟ್ ಇನ್ನಷ್ಟು ಗೀಚಿಹೋಗಬಹುದು. ಧೂಳಿಲ್ಲದ ಕೋಣೆ ಇಟ್ಟುಕೊಂಡಿರುವ ರಿಕವರಿ ಲ್ಯಾಬಿಗೇ ಕೊಡಬೇಕು, ಮನೆಯಲ್ಲಿ ಬಿಚ್ಚಬಾರದು.

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ 931 ಜಿಬಿ ಅಂತ ತೋರಿಸಿತು, ಪಕ್ಕದಲ್ಲಿ 'ರಾ' ಅಂತ ಇತ್ತು, ಅಂದರೆ ಫೈಲ್‌ಗಳನ್ನು ಜೋಡಿಸಿಟ್ಟ ರೀತಿ ವಿಂಡೋಸ್‌ಗೆ ಗುರುತು ಸಿಗುತ್ತಿಲ್ಲ ಅಂತ. 1 ಟಿಬಿ ಡಿಸ್ಕ್ 931 ಜಿಬಿ ಅಂತ ಕಾಣುವುದು ಸರಿಯೇ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಆ ಅಂಕಿ ನೋಡಿ ಸ್ವಲ್ಪ ಧೈರ್ಯ ಬಂತು. ಡಿಸ್ಕ್ ತನ್ನ ಅಳತೆಯನ್ನು ಸರಿಯಾಗಿ ಹೇಳುತ್ತಿದೆ, ಫೈಲ್‌ಗಳು ಎಲ್ಲೆಲ್ಲಿವೆ ಅಂತ ಬರೆದಿಟ್ಟ ಜಾಗ ಮಾತ್ರ ಓದಲು ಬರುತ್ತಿಲ್ಲ ಅಂತ ಅರ್ಥ.

ಇಲ್ಲಿ ಒಂದು ಮಾತು. ಡಿಸ್ಕ್ ತೆರೆಯುತ್ತದೆ, ಫೋಲ್ಡರ್ ಖಾಲಿ, ಆದರೆ ಜಾಗ ಮಾತ್ರ ತುಂಬಿದೆ ಅಂತ ತೋರಿಸಿದರೆ ಅದು ಬೇರೆ ಕಾಯಿಲೆ. ಪ್ರಿಂಟ್ ಹಾಕಿಸಲು ಹೊರಗೆ ಎಲ್ಲೋ ಚುಚ್ಚಿದಾಗ ಬಂದ ವೈರಸ್ ಫೈಲ್‌ಗಳನ್ನು ಬಚ್ಚಿಟ್ಟಿರುತ್ತದೆ. ವೈರಸ್ ತೆಗೆದು, 'ಆಟ್ರಿಬ್' ಕಮಾಂಡ್‌ನಲ್ಲಿ ಹಿಡನ್, ಸಿಸ್ಟಮ್ ಎರಡೂ ಗುರುತು ಅಳಿಸಿದರೆ ಸಾಮಾನ್ಯವಾಗಿ ಎಲ್ಲ ವಾಪಸ್ ಕಾಣುತ್ತವೆ. ಅದಕ್ಕೆ ಯಾರಿಗೂ ಜಾಸ್ತಿ ದುಡ್ಡು ಕೊಡಬೇಡಿ.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿದೆ. ಎಚ್ಚರಿಕೆಯ ಹಳದಿ ಬಣ್ಣ ಬಂತು. ಡಿಸ್ಕ್ ಓದಲಾಗದೆ ಪಕ್ಕಕ್ಕಿಟ್ಟ ಸೆಕ್ಟರ್‌ಗಳ, ಅಂದರೆ ಡೇಟಾ ಬರೆಯುವ ಚಿಕ್ಕ ಚಿಕ್ಕ ತುಂಡುಗಳ, ಎಣಿಕೆ ಅದರಲ್ಲಿ ಇರುತ್ತದೆ. ಅಲ್ಲಿ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಹಾಗಿದ್ದ ಮೇಲೆ ರಿಪೇರಿಯ ಮಾತೇ ಬೇಡ, ಮೊದಲು ಪೂರ್ತಿ ನಕಲು ಅಂತ ಆ ಕ್ಷಣದಲ್ಲೇ ಗಟ್ಟಿ ಮಾಡಿಕೊಂಡೆ.

ಮಾರನೇ ದಿನ ಬೆಂಗಳೂರಿನ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಕಂಪ್ಯೂಟರ್ ಸಾಮಾನು ಮಾರುವ ಎಸ್.ಪಿ. ರೋಡಿಗೆ ನಡೆದೆ. ಹೊಸ 2 ಟಿಬಿ ಡಿಸ್ಕ್ ಬೇಕಿತ್ತು. ಒಂದು ಅಂಗಡಿಯಲ್ಲಿ ನನ್ನ ಕಥೆ ಕೇಳಿದವರು, "ಸುಮ್ನೆ ಕ್ವಿಕ್ ಫಾರ್ಮ್ಯಾಟ್ ಹೊಡೀರಿ, ಆಮೇಲೆ ಸಾಫ್ಟ್‌ವೇರ್ ಹಾಕಿ ತೆಗೆಯೋಣ" ಅಂದರು. ಬೇಡ ಅಂದೆ. ಕ್ವಿಕ್ ಫಾರ್ಮ್ಯಾಟ್ ಎಲ್ಲವನ್ನೂ ಅಳಿಸುವುದಿಲ್ಲ, ನಿಜ. ಆದರೆ ಫೈಲ್‌ಗಳ ಪಟ್ಟಿ ಇರುವ ಜಾಗದ ಮೇಲೇ ಹೊಸದಾಗಿ ಬರೆಯುತ್ತದೆ. ನನಗೆ ಬೇಕಾಗಿದ್ದದ್ದೇ ಆ ಪಟ್ಟಿ.

ರಾತ್ರಿ ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಕೆಟ್ಟ ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂ ಶುರು ಮಾಡಿದೆ. ಇದು ಉಚಿತವಾಗಿ ಸಿಗುತ್ತದೆ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಜಗ್ಗಾಡುತ್ತಾ ಕೂರುವುದಿಲ್ಲ, ಹಾರಿ ಮುಂದೆ ಹೋಗುತ್ತದೆ. ಚೆನ್ನಾಗಿರುವುದನ್ನೆಲ್ಲ ಮೊದಲು ಬಾಚಿಕೊಂಡು, ಬಿಟ್ಟುಹೋದದ್ದಕ್ಕೆ ಆಮೇಲೆ ವಾಪಸ್ ಬರುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮೂಲ ಯಾವುದು, ನಕಲು ಯಾವುದು ಅಂತ ಕಮಾಂಡ್ ಕೊಡುವ ಮುಂಚೆ ಮೂರು ಸಲ ನೋಡಿದೆ. ಲಿನಕ್ಸ್ ಕೊಡುವ ಎರಡು ಡಿಸ್ಕುಗಳ ಹೆಸರೂ ಒಂದಕ್ಷರದಲ್ಲಿ ಮಾತ್ರ ಬೇರೆ, ತಿರುಗುಮುರುಗಾದರೆ ಮುಗಿಯಿತು. ಅಳತೆ ನೋಡಿ ಗುರುತಿಸುವುದು ವಾಸಿ: ಒಂದು 1 ಟಿಬಿ, ಇನ್ನೊಂದು 2 ಟಿಬಿ.

ನಡುರಾತ್ರಿ ಮಳೆ ಬಂತು, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸೋತು ಕಂಪ್ಯೂಟರ್ ಆಫ್ ಆಯಿತು. ಕತ್ತಲಲ್ಲಿ ಆ ಡಿಸ್ಕನ್ನು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಅಷ್ಟು ಹೊತ್ತು ಓಡಿದ್ದೆಲ್ಲ ಹೋಯಿತಾ ಅಂತ ಎದೆ ಹೊಡೆದುಕೊಂಡಿತು. ಕರೆಂಟ್ ಬಂದ ಮೇಲೆ ಅದೇ ಕಮಾಂಡ್, ಅದೇ ಮ್ಯಾಪ್ ಫೈಲ್ ಕೊಟ್ಟೆ. ನಿಂತ ಜಾಗದಿಂದಲೇ ಮುಂದುವರಿಯಿತು. ಆ ಫೈಲ್ ಇಲ್ಲದೇ ಯಾರೂ ಈ ಕೆಲಸಕ್ಕೆ ಇಳಿಯಬಾರದು ಅಂತ ಗಟ್ಟಿಯಾಗಿ ಹೇಳುತ್ತೇನೆ. ಒಳ್ಳೇ ಡಿಸ್ಕ್ ಆಗಿದ್ದರೆ ಮೂರು ಗಂಟೆಯಲ್ಲಿ ಮುಗಿಯುವ ನಕಲು, ನನ್ನದು ಮಾರನೇ ದಿನ ಸಂಜೆಗೆ ಮುಗಿಯಿತು.

ಇನ್ನು ಮೇಲಿನ ಕೆಲಸವೆಲ್ಲ ನಕಲಿನ ಮೇಲೆ. ಮೂಲ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಡಿಸ್ಕ್ ಸರಿಪಡಿಸುವ ಟೆಸ್ಟ್‌ಡಿಸ್ಕ್ ಸಾಫ್ಟ್‌ವೇರ್‌ನಲ್ಲಿ ನಕಲನ್ನು ತೆರೆದಾಗ ಬೂಟ್ ಸೆಕ್ಟರ್ (ಪಟ್ಟಿ ಎಲ್ಲಿದೆ ಅಂತ ಹೇಳುವ ಮೊದಲ ಸೆಕ್ಟರ್) ಕೆಟ್ಟಿದೆ, ಬ್ಯಾಕಪ್ ಸರಿಯಿದೆ ಅಂತ ಬಂತು. ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ರೀತಿಯಾದ ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರ್‌ನ ಇನ್ನೊಂದು ಪ್ರತಿಯನ್ನು ಪಾರ್ಟಿಷನ್‌ನ ಕೊನೆಯಲ್ಲಿ ಇಟ್ಟುಕೊಂಡಿರುತ್ತದೆ. ಆ ಪ್ರತಿಯನ್ನು ಕೆಟ್ಟ ಬೂಟ್ ಸೆಕ್ಟರ್‌ನ ಜಾಗಕ್ಕೆ ಬರೆಸಿದೆ. ಪಟ್ಟಿ ತೆರೆಯಿತು. ಫೋಲ್ಡರ್‌ಗಳು, ಹೆಸರುಗಳು, ತಾರೀಖುಗಳು, ಎಲ್ಲ ಇದ್ದ ಹಾಗೇ. ನಾನು ಸ್ವಲ್ಪ ಹೊತ್ತು ಏನೂ ಒತ್ತದೆ ಆ ಹೆಸರುಗಳನ್ನೇ ನೋಡುತ್ತಾ ಕೂತಿದ್ದೆ.

ಈಗ ಪದಗಳ ಒಂದು ಪ್ರತಿ ಮನೆಯಲ್ಲಿದೆ, ಒಂದು ಮೈಸೂರಿನ ತಂಗಿಯ ಮನೆಯಲ್ಲಿ, ಒಂದು ಕ್ಲೌಡ್‌ನಲ್ಲಿ.

ಪೂರ್ತಿ ಓದಲಾಗದೆ ಹೋದದ್ದು ಸ್ವಲ್ಪವೇ. ಒಂದು ಫೋಟೋ ಅರ್ಧದಿಂದ ಕೆಳಗೆ ಬೂದಿ ಬಣ್ಣವಾಗಿದೆ. ಒಂದು ಬೀಸುವ ಪದದ ನಡುವೆ 16 ಸೆಕ್ಟರ್ ಸಿಗಲಿಲ್ಲ. ಒಂದೊಂದು 4096 ಬೈಟ್, ಒಟ್ಟು 64 ಕೆಬಿ. ನಾನು ರೆಕಾರ್ಡ್ ಮಾಡಿದ್ದ ವೇವ್ ಫೈಲ್‌ನಲ್ಲಿ ಒಂದು ಸೆಕೆಂಡಿಗೆ 88,200 ಬೈಟ್, ಹಾಗಾಗಿ ಹೋದದ್ದು ಮುಕ್ಕಾಲು ಸೆಕೆಂಡ್. ಆ ಜಾಗದಲ್ಲಿ ಬರೀ ಸೊನ್ನೆಗಳಿವೆ, ಅಂದರೆ ಮೌನ. ನನಗೆ ಅದು ಪ್ರತಿ ಸಲವೂ ಕೇಳಿಸುತ್ತದೆ. ಅಮ್ಮನಿಗೆ ಹೇಳದೇ ಹಾಕಿ ಕೇಳಿಸಿದೆ. ಆ ಜಾಗ ಬಂದಾಗ ಅಮ್ಮ ತಲೆದೂಗುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಕೇಳಿದ್ದಕ್ಕೆ, "ಅಲ್ಲಿ ನಮ್ಮವ್ವ ಉಸಿರು ತಗೊಂಡಳು, ಅಲ್ವಾ?" ಅಂದರು.